ಷರಾ ಜಾಗದಲ್ಲಿ ಬರೆದ ಒಂದು ಪದ

ಹೋದ ವರ್ಷ ಸೆಪ್ಟೆಂಬರಿನಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಪ್ರಗತಿಪತ್ರದ ಷರಾ ಜಾಗದಲ್ಲಿ ‘ಅಬ್ಸರ್ವೆಂಟ್’ ಎಂದು ಒಂದೇ ಪದ ಬರೆದು ಸಹಿ ಹಾಕಿದೆ. ಮೂರು ದಿನ ಬಿಟ್ಟು ಅವಳ ತಾಯಿ ಶಾಲೆಗೆ ಬಂದರು. ತೋಟದ ಕೆಲಸಕ್ಕೆ ಅರ್ಧ ದಿನ ರಜೆ ಹೇಳಿ, ಸುಂಟಿಕೊಪ್ಪದಲ್ಲಿ ಬಸ್ ಇಳಿದು, ನೆನೆದ ಸೆರಗನ್ನು ಹಿಂಡಿಕೊಳ್ಳುತ್ತಾ ಜಗಲಿಯಲ್ಲಿ ನಿಂತಿದ್ದರು. ಪ್ಲಾಸ್ಟಿಕ್ ಕವರಿನೊಳಗಿಂದ ಪ್ರಗತಿಪತ್ರ ತೆಗೆದು, ಆ ಪದದ ಕೆಳಗೆ ಬೆರಳಿಟ್ಟು ಕೇಳಿದರು: “ಟೀಚರ್, ಇದು ಒಳ್ಳೆಯದೋ ಕೆಟ್ಟದ್ದೋ?”

“ಒಳ್ಳೆಯದೇ. ನಿಮ್ಮ ಮಗಳು ಎಲ್ಲವನ್ನೂ ನೋಡುತ್ತಾಳೆ ಎಂದು ಅರ್ಥ” ಎಂದೆ.

ಅವರ ಮುಖ ಸಪ್ಪಗಾಯಿತು. “ಪಾಠ ಕೇಳದೆ ಆ ಕಡೆ ಈ ಕಡೆ ನೋಡುತ್ತಾಳೆ ಎಂದೇ ಟೀಚರ್? ಮನೆಯಲ್ಲಿ ಬುದ್ಧಿ ಹೇಳುತ್ತೇನೆ.”

ಹಾಗಲ್ಲ ಎಂದು ಹೇಳುವುದಕ್ಕೆ ನನಗೆ ಹತ್ತು ನಿಮಿಷ ಬೇಕಾಯಿತು. ಅಷ್ಟಾದ ಮೇಲೂ ಅವರು ಪೂರ್ತಿ ನಂಬಿ ಹೋದರೆಂದು ಅನಿಸಲಿಲ್ಲ. ಮಗಳ ಬಗ್ಗೆ ನಾನು ಬರೆದ ಅತಿ ಒಳ್ಳೆಯ ಮಾತು ಒಬ್ಬ ತಾಯಿಯ ಕಿವಿಗೆ ದೂರಾಗಿ ಬಿದ್ದಿತ್ತು. ಹದಿನಾರು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಆ ದಿನದಿಂದ ಈ ಪದವನ್ನು ಬಿಡಲು ನನ್ನಿಂದ ಆಗಿಲ್ಲ.

ಆ ಷರಾ ಸುಮ್ಮನೆ ಬರೆದದ್ದಲ್ಲ. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಆ ಹುಡುಗಿ ಹಾಲುವಾಣ ಮರದ ಎರಡು ಎಲೆಗಳನ್ನು ತಂದು ನನ್ನ ಮೇಜಿನ ಮೇಲಿಟ್ಟಿದ್ದಳು. ಒಂದರ ತೊಟ್ಟು ಸಪೂರವಾಗಿ ನೆಟ್ಟಗಿತ್ತು. ಇನ್ನೊಂದರ ತೊಟ್ಟು ಬಾತು, ಗಂಟುಗಂಟಾಗಿ, ಮುದುರಿತ್ತು. “ಶಾಲೆಯ ಹಿಂದಿನ ಮರದಲ್ಲಿ ಬೇಲಿ ಕಡೆಯ ಕೊಂಬೆಗೆ ಮಾತ್ರ ಹೀಗಾಗಿದೆ ಟೀಚರ್. ಹೋದ ತಿಂಗಳು ಇರಲಿಲ್ಲ” ಎಂದಳು. ಕಾಫಿಯ ನೆರಳಿಗೆಂದು ಹಾಲುವಾಣ ಬೆಳೆಸುವ ನಮ್ಮ ಕೊಡಗು ಜಿಲ್ಲೆಯಲ್ಲಿ ಈ ಗಂಟು ಹೊಸದಲ್ಲ. ಎಳೆ ಎಲೆಯೊಳಗೂ ತೊಟ್ಟಿನೊಳಗೂ ಮೊಟ್ಟೆಯಿಡುವ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜವೊಂದರ ಕೆಲಸ ಅದು. ಆದರೆ ಅದೇ ಮರದ ಕೆಳಗೆ ದಿನವೂ ಸ್ಕೂಟರ್ ನಿಲ್ಲಿಸುವ ನನಗೆ ಅದು ಕಂಡಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಹೋದ ತಿಂಗಳು ಇರಲಿಲ್ಲ’ ಎಂಬ ಮಾತು. ಇವತ್ತು ಗಂಟನ್ನು ಕಂಡವರು ಬೇಕಾದಷ್ಟು ಜನ ಇರಬಹುದು. ಹೋದ ತಿಂಗಳು ಗಂಟು ಇಲ್ಲದ್ದನ್ನು ಕಂಡು ನೆನಪಿಟ್ಟುಕೊಂಡವಳು ಇವಳೊಬ್ಬಳು.

ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ನಮ್ಮ ಮನೆಯಲ್ಲಿದೆ. ಕಿಟೆಲ್ ಕೆಲಕಾಲ ಮಡಿಕೇರಿಯಲ್ಲೂ ಇದ್ದವರು ಎಂಬ ಕಾರಣಕ್ಕೆ ನನಗೆ ಆ ಪುಸ್ತಕದ ಮೇಲೆ ಸ್ವಲ್ಪ ಹೆಚ್ಚಿನ ಪ್ರೀತಿ. ಆದರೆ ಅದು ಕನ್ನಡದಿಂದ ಇಂಗ್ಲಿಷಿಗೆ ಹೋಗುವ ದಾರಿ. ನನಗೆ ಬೇಕಿದ್ದುದು ತಿರುಗಿ ಬರುವ ದಾರಿ. ಹಾಗೆ ಹುಡುಕಿದರೆ ‘ಸೂಕ್ಷ್ಮವಾಗಿ ಗಮನಿಸುವ’ ಎಂಬ ಎರಡು ಪದಗಳ ಜೋಡಿ ಸಿಗುತ್ತದೆ. ಅರ್ಥ ಸರಿ. ಆದರೆ ಅದನ್ನು ಕೇಳಿದವರಿಗೆ ಭೂತಗನ್ನಡಿ ಹಿಡಿದು ಕೂತ ಯಾರೋ ಕಾಣುತ್ತಾರೆ. ‘ಸೂಕ್ಷ್ಮಗ್ರಾಹಿ’ ಎಂಬುದು ಚೆಂದದ ಪದ. ಅದು ಮಾತಿನ ಒಳಗುಟ್ಟನ್ನು ತಟ್ಟನೆ ಹಿಡಿಯುವವರಿಗೆ ಹೊಂದುತ್ತದೆ. ಅದು ಇಂಗ್ಲಿಷಿನ ‘ಪರ್ಸೆಪ್ಟಿವ್’ಗೆ ಹತ್ತಿರ. ಮದುವೆಮನೆಯಲ್ಲಿ ಹುಡುಗಿಯ ಚಿಕ್ಕಮ್ಮ ಮೂರು ಪಂಕ್ತಿ ಮುಗಿದರೂ ಊಟಕ್ಕೆ ಕೂರದಿರುವುದು ಯಾರ ಕಣ್ಣಿಗೆ ಬಿತ್ತೋ ಅವರು ಅಬ್ಸರ್ವೆಂಟ್. ಅವರು ಯಾಕೆ ಕೂರಲಿಲ್ಲವೆಂದು ಯಾರಿಗೆ ಒಳಗೇ ತಿಳಿಯಿತೋ ಅವರು ಪರ್ಸೆಪ್ಟಿವ್. ಮೊದಲನೆಯದಕ್ಕೆ ಹೊರಗಿನದೇ ಸಾಕು, ತೊಟ್ಟು ಬಾತಿರುವುದು ಸಾಕು. ‘ಅಟೆಂಟಿವ್’ ಎನ್ನುವುದು ಬೇರೆ. ಎದುರಿಗೆ ನಿಂತು ಯಾರು ಹೇಳುತ್ತಾರೋ ಅವರ ಕಡೆಗೇ ಕಿವಿ, ಕಣ್ಣು, ಮನಸ್ಸು ತಿರುಗಿಸಿದವರು ಅಟೆಂಟಿವ್. ಆ ತಾಯಿಯ ಭಯ ಸರಿಯಾಗಿ ಈ ಎರಡರ ನಡುವಿನ ಸಂದಿಯಲ್ಲಿತ್ತು. ಕಿಟಕಿಯಾಚೆಯ ಮರವನ್ನು ನೋಡುವ ಮಗು ಅಟೆಂಟಿವ್ ಅಲ್ಲದಿರಬಹುದು. ಅದು ಮರವನ್ನು ನಿಜವಾಗಿ ನೋಡುತ್ತಿದ್ದರೆ ಅಬ್ಸರ್ವೆಂಟ್ ಖಂಡಿತ. ನಮ್ಮ ಶಾಲೆಗಳು ಮೊದಲನೆಯದಕ್ಕೆ ಅಂಕ ಕೊಡುತ್ತವೆ, ಎರಡನೆಯದಕ್ಕೆ ಬೈಗುಳ ಕೊಡುತ್ತವೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ವ್ಯಾಕರಣದ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ‘ಅಬ್ಸರ್ವಿಂಗ್’ ಎಂದರೆ ಈಗ ನೋಡುತ್ತಿರುವುದು. ‘ಅಬ್ಸರ್ವೆಂಟ್’ ಎಂದರೆ ನೋಡುವುದು ಸ್ವಭಾವವಾಗಿರುವುದು. ಕನ್ನಡದ ‘ನೋಡುತ್ತಿದ್ದಾಳೆ’ ಮತ್ತು ‘ನೋಡುವವಳು’ ಇವುಗಳ ನಡುವಿನ ಅಂತರವೇ ಇದು. ಮಲಗಿ ನಿದ್ದೆ ಹೋದಾಗಲೂ ಒಬ್ಬಳನ್ನು ಅಬ್ಸರ್ವೆಂಟ್ ಎನ್ನಬಹುದು.

ಈ ಪದಕ್ಕೆ ಇನ್ನೊಂದು ಅರ್ಥವಿದೆ, ಮಕ್ಕಳು ಎಡವುವುದು ಅಲ್ಲಿ. ಹಿಂದೊಮ್ಮೆ ಭಾಷಾಂತರಕ್ಕೆ ಒಂದು ವಾಕ್ಯ ಕೊಟ್ಟಿದ್ದೆ. ಅಬ್ಸರ್ವೆಂಟ್ ಆದ ಯಹೂದಿಗಳು ಶನಿವಾರ ಕೆಲಸ ಮಾಡುವುದಿಲ್ಲ ಎಂಬುದು ಅದರ ತಿರುಳು. ಅರ್ಧ ತರಗತಿ ‘ಚುರುಕು ಕಣ್ಣಿನ ಯಹೂದಿಗಳು’ ಎಂದು ಬರೆಯಿತು. ಅಲ್ಲಿ ಬೇಕಿದ್ದುದು ‘ಧರ್ಮದ ನಿಯಮಗಳನ್ನು ತಪ್ಪದೆ ಪಾಲಿಸುವ’ ಎಂಬ ಅರ್ಥ. ವ್ರತ ಹಿಡಿದವರು, ಉಪವಾಸ ಆಚರಿಸುವವರು, ಕಟ್ಟಳೆ ಮೀರದವರು ಎಲ್ಲರೂ ಅಬ್ಸರ್ವೆಂಟ್. ಫ್ರಾನ್ಸಿಸ್ಕನ್ ಸನ್ಯಾಸಿಗಳಲ್ಲಿ ನಿಯಮವನ್ನು ಬಿಗಿಯಾಗಿ ಹಿಡಿದ ಒಂದು ಶಾಖೆಗೆ ಹೆಸರೇ ಅಬ್ಸರ್ವೆಂಟ್. ಮಕ್ಕಳಿಗೆ ಆ ದಿನ ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ. ಈಗ ಯೋಚಿಸಿದರೆ ಅವರು ಪೂರ್ತಿ ತಪ್ಪಿರಲಿಲ್ಲ. ಯಹೂದಿಗಳ ಆ ವಿಶ್ರಾಂತಿಯ ದಿನ ಶುಕ್ರವಾರ ಸೂರ್ಯ ಮುಳುಗುವಾಗ ಹಿಡಿಯುತ್ತದೆ, ಶನಿವಾರ ಸಂಜೆ ಆಕಾಶದಲ್ಲಿ ಮೂರು ನಕ್ಷತ್ರ ಕಂಡಾಗ ಬಿಡುತ್ತದೆ. ಯಾರಾದರೂ ತಲೆಯೆತ್ತಿ ನೋಡದೆ ಆ ನಿಯಮ ನಡೆಯುವಂತಿಲ್ಲ. ನಮ್ಮೂರಿನ ಮಸೀದಿಯ ಮುಂದೆ ರಂಜಾನ್ ತಿಂಗಳ ಕೊನೆಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಎಳೆ ಚಂದ್ರನನ್ನು ಹುಡುಕುವವರನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ಪಾಲಿಸುವವರೇ ನೋಡುವವರು.

ಪದದ ಹುಟ್ಟನ್ನು ಕೆದಕಿದರೂ ಇದೇ ಸಿಗುತ್ತದೆ. ಲ್ಯಾಟಿನ್ನಿನ ‘ಸರ್ವಾರೆ’ ಎಂದರೆ ಕಾಯುವುದು, ಕಾಪಾಡುವುದು, ಉಳಿಸಿಕೊಳ್ಳುವುದು. ಅದರ ಮುಂದಿನ ‘ಅಬ್’ ಎಂದರೆ ಎದುರಿಗೆ. ಎದುರಿಗೆ ನಿಂತು ಕಾಯುವುದು ಅಬ್ಸರ್ವ್. ‘ಕನ್ಸರ್ವ್’, ‘ಪ್ರಿಸರ್ವ್’, ‘ರಿಸರ್ವ್’ ಎಲ್ಲವೂ ಅದೇ ಬೇರಿನ ಚಿಗುರುಗಳು. ಕೊಡಗಿನಲ್ಲಿ ಓದು ಬರಹ ಬಾರದವರ ಬಾಯಲ್ಲೂ ಇರುವ ‘ರಿಸರ್ವ್ ಫಾರೆಸ್ಟ್’ ಈ ಪದಕ್ಕೆ ಒಡಹುಟ್ಟು. ಇಂಗ್ಲಿಷಿಗೆ ಮೊದಲು ಬಂದದ್ದು ನಿಯಮ ಪಾಲಿಸುವ ಅರ್ಥ, 14ನೇ ಶತಮಾನದ ಕೊನೆಯ ಹೊತ್ತಿಗೆ. ಕಣ್ಣಿಟ್ಟು ನೋಡುವ ಅರ್ಥ ಚಾಲ್ತಿಗೆ ಬಂದದ್ದು 16ನೇ ಶತಮಾನದಲ್ಲಿ. ಆಮೇಲೆ ನಾಮಪದಗಳು ಆಸ್ತಿ ಪಾಲು ಮಾಡಿಕೊಂಡ ಅಣ್ಣತಮ್ಮಂದಿರಂತೆ ಬೇರೆಯಾದವು. ಹಬ್ಬ, ವ್ರತ, ಮೌನಾಚರಣೆಗಳಿಗೆ ‘ಅಬ್ಸರ್ವೆನ್ಸ್’, ಪ್ರಯೋಗಾಲಯ, ಆಸ್ಪತ್ರೆ, ದೂರದರ್ಶಕಗಳಿಗೆ ‘ಅಬ್ಸರ್ವೇಷನ್’. ಹಬ್ಬಕ್ಕೆ ‘ಅಬ್ಸರ್ವೇಷನ್’ ಎಂದು ಬರೆದರೆ ಪರೀಕ್ಷೆಯಲ್ಲಿ ತಪ್ಪು. ಗುಣವಾಚಕವೊಂದು ಮಾತ್ರ ಪಾಲಾಗದೆ ಹಳೆಯ ಮನೆಯಲ್ಲೇ ಉಳಿಯಿತು. ಅಬ್ಸರ್ವೆಂಟ್ ಎಂಬವಳು ನೋಡುವವಳೂ ಹೌದು, ನಡೆಸಿಕೊಂಡು ಬರುವವಳೂ ಹೌದು.

ಇಷ್ಟೆಲ್ಲ ಓದಿ ತಿಳಿದದ್ದು. ನೋಡಿ ತಿಳಿದದ್ದು ಆ ವಾರದ ಭಾನುವಾರ.

ಮಾದಾಪುರದ ಆಚೆ ನಮ್ಮ ತಂದೆಯ ಮೂರು ಎಕರೆ ಅರೇಬಿಕಾ ಕಾಫಿ ತೋಟ ಇದೆ. ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಅಲ್ಲಿ ಬೋರರ್, ಅಂದರೆ ಕಾಫಿ ಗಿಡದ ಕಾಂಡ ಕೊರೆಯುವ ಹುಳು, ನೋಡಿಸುವುದು ವಾಡಿಕೆ. ಬಿಳಿ ಕಾಂಡಕೊರಕದ ದುಂಬಿ ವರ್ಷಕ್ಕೆ ಎರಡು ಸಲ ಹಾರುತ್ತದೆ, ಏಪ್ರಿಲ್ ಮೇ ಹೊತ್ತಿಗೆ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ. ಅದು ಹೊರಗೆ ಬರುವುದಕ್ಕೆ ಮೊದಲೇ ಹುಳು ಹಿಡಿದ ಗಿಡವನ್ನು ಗುರುತಿಸಿ, ಕಿತ್ತು, ಸುಡಬೇಕು. ಪುಸ್ತಕದಲ್ಲಿ ಇದಕ್ಕೆ ಟ್ರೇಸಿಂಗ್ ಎನ್ನುತ್ತಾರೆ. ತೋಟದಲ್ಲಿ ‘ಬೋರರ್ ನೋಡುವುದು’ ಅಷ್ಟೇ. ಆ ಭಾನುವಾರ ಜೀಪಿನಿಂದ ಇಳಿದ ಐವರಲ್ಲಿ ಆ ತಾಯಿಯೂ ಇದ್ದರು. ನನ್ನನ್ನು ಕಂಡು ಸ್ವಲ್ಪ ಸಂಕೋಚಪಟ್ಟರು. ನನಗೂ ಹಾಗೆಯೇ ಆಯಿತು. ಕೆಲಸ ಶುರುವಾದ ಮೇಲೆ ಅವರ ಸಾಲಿನಲ್ಲೇ ಹಿಂದೆ ಹಿಂದೆ ನಡೆದೆ.

ಈ ಹುಳುವಿನ ಕಷ್ಟವೆಂದರೆ ಅದು ಗುರುತು ಬಿಡುವುದಿಲ್ಲ. ಬೇರೆ ಕೊರಕಗಳು ಮರದಿಂದ ಪುಡಿ ಉದುರಿಸುತ್ತವೆ, ಬುಡದಲ್ಲಿ ಬಿದ್ದ ಹೊಟ್ಟು ಕಂಡರೆ ಕಳ್ಳ ಸಿಕ್ಕ ಹಾಗೆ. ಇದು ತಾನು ಕೊರೆದ ಪುಡಿಯನ್ನು ತನ್ನ ಹಿಂದೆಯೇ ಸುರಂಗದಲ್ಲಿ ಗಟ್ಟಿಯಾಗಿ ತುಂಬಿಕೊಂಡು ಮುಂದೆ ಹೋಗುತ್ತದೆ. ಹೊರಗೆ ತೂತಿಲ್ಲ, ಪುಡಿಯಿಲ್ಲ. ತೂತು ಕಂಡಿತೆಂದರೆ ದುಂಬಿ ಹಾರಿಹೋಗಿದೆ ಎಂದೇ ಅರ್ಥ. ಅದಕ್ಕೆ ಮೊದಲು ಸಿಗುವುದು ಎರಡೇ ಸುಳಿವು. ಎಲೆ ಬಾಡಿ ಹಳದಿಗೆ ತಿರುಗುವುದು ಒಂದು, ತೊಗಟೆಯ ಮೇಲೆ ಉಬ್ಬು ಗೆರೆ ಏಳುವುದು ಇನ್ನೊಂದು. ಹಳದಿ ಎಲೆಗೆ ನೂರು ಕಾರಣಗಳಿರಬಹುದು. ಗೆರೆಯೊಂದೇ ಗಟ್ಟಿ ಸಾಕ್ಷಿ.

ಆ ತಾಯಿ ಒಂದು ಗಿಡದ ಮುಂದೆ ಕೂತರು. ಮೊದಲು ಗೋಣಿಚೀಲದ ತುಂಡಿನಿಂದ ಕಾಂಡವನ್ನು ಮೇಲಿನಿಂದ ಕೆಳಗೆ ಉಜ್ಜಿದರು. ಪಾಚಿಯೂ ಸಡಿಲ ತೊಗಟೆಯೂ ಉದುರಿದವು. ಆಮೇಲೆ ಬಲಗೈ ಹೆಬ್ಬೆರಳನ್ನು ಕಾಂಡದ ಮೇಲಿಟ್ಟು ನಿಧಾನವಾಗಿ ಸುತ್ತಲೂ ಎಳೆದರು. ಆಗ ಅವರ ಕಣ್ಣು ಗಿಡದ ಮೇಲೆ ಇರಲೇ ಇಲ್ಲ, ಎಲ್ಲೋ ಮೆಣಸಿನ ಬಳ್ಳಿಯ ಕಡೆ ಇತ್ತು. ಹೆಬ್ಬೆರಳು ಒಂದು ಕಡೆ ನಿಂತಿತು. ಹಿಂದಕ್ಕೆ ಬಂತು. ಮತ್ತೆ ನಿಂತಿತು. “ಇಲ್ಲಿದೆ” ಎಂದರು. ನಾನು ಬಗ್ಗಿ ನೋಡಿದೆ, ಏನೂ ಕಾಣಲಿಲ್ಲ. ನನ್ನ ಬೆರಳನ್ನು ಹಿಡಿದು ಅದೇ ಜಾಗದ ಮೇಲಿಟ್ಟರು. ಒದ್ದೆ ತೊಗಟೆಯ ಕೆಳಗೆ ದಪ್ಪ ದಾರವೊಂದು ಹುದುಗಿದಂತೆ, ಅಕ್ಕಿಕಾಳಿನಷ್ಟೂ ಎತ್ತರವಿಲ್ಲದ ಒಂದು ಏರು. ಕತ್ತಿಯಿಂದ ಅಲ್ಲಿ ತೊಗಟೆ ಎಬ್ಬಿಸಿದಾಗ ಪುಡಿ ತುಂಬಿದ ಸುರಂಗ ಕಂಡಿತು. ಅದರ ತುದಿಯಲ್ಲಿ ಹಳದಿ ಬಿಳಿ ಬಣ್ಣದ ಹುಳು ಬೆಳಕಿಗೆ ಮುದುರಿಕೊಂಡಿತು.

“ಮುಟ್ಟಿ ನೋಡಬೇಕು ಟೀಚರ್. ಬರೀ ನೋಡಿದರೆ ಕಾಣುವುದಿಲ್ಲ” ಎಂದರು.

ಕನ್ನಡದ ‘ನೋಡು’ ಎಂಥ ಪದ ಎಂದು ನನಗೆ ಆ ಗಿಡದ ಬುಡದಲ್ಲಿ ತಿಳಿಯಿತು. ಮುಟ್ಟಿ ನೋಡುತ್ತೇವೆ, ತಿಂದು ನೋಡುತ್ತೇವೆ, ಕೇಳಿ ನೋಡುತ್ತೇವೆ, ಮೂಸಿ ನೋಡುತ್ತೇವೆ, ಮಾಡಿ ನೋಡುತ್ತೇವೆ. ಐದು ಇಂದ್ರಿಯಗಳೂ ಕೊನೆಗೆ ನೋಡುವುದರಲ್ಲೇ ಬಂದು ನಿಲ್ಲುತ್ತವೆ. ಅದಕ್ಕೊಂದು ‘ಕೊಳ್ಳು’ ಸೇರಿಸಿದರೆ ‘ನೋಡಿಕೊಳ್ಳು’. ಮಗುವನ್ನು ನೋಡಿಕೊಳ್ಳುವುದು, ವಯಸ್ಸಾದವರನ್ನು ನೋಡಿಕೊಳ್ಳುವುದು, ತೋಟ ನೋಡಿಕೊಳ್ಳುವುದು. ಲ್ಯಾಟಿನ್ನಿನವರು ‘ಸರ್ವಾರೆ’ಯಲ್ಲಿ ಇಟ್ಟದ್ದೆಲ್ಲ ಇಲ್ಲಿದೆ. ‘ಕಾಯು’ ಎಂಬುದರಲ್ಲೂ ಇದೆ. ದನ ಕಾಯುವವರು ದನದ ಮೇಲೆ ಕಣ್ಣಿಡುತ್ತಾರೆ, ಹುಲಿಯಿಂದ ಉಳಿಸುತ್ತಾರೆ, ಅದರ ಹೊಟ್ಟೆ ತುಂಬುವವರೆಗೆ ತಾಳ್ಮೆಯಿಂದ ಕೂರುತ್ತಾರೆ. ಮೂರೂ ಕೆಲಸಕ್ಕೆ ಒಂದೇ ಕ್ರಿಯಾಪದ ಸಾಕಾಗಿದೆ.

ಸಂಸ್ಕೃತದಿಂದ ಬಂದ ನಮ್ಮ ಪದಗಳಲ್ಲಿ ಇನ್ನೊಂದು ದಾರಿ ಕಾಣುತ್ತದೆ. ‘ಗಮನಿಸು’ ಎನ್ನುತ್ತೇವೆ. ಗಮನ ಎಂದರೆ ಮೂಲದಲ್ಲಿ ಹೋಗುವುದು, ಮನಸ್ಸು ಒಂದರ ಕಡೆಗೆ ಹೋಗುವುದು. ‘ಆಚರಿಸು’ ಎನ್ನುತ್ತೇವೆ. ಅದರೊಳಗಿನ ‘ಚರ್’ ಕೂಡ ನಡೆದಾಡುವುದೇ, ಚರಣದ ಚರ್. ಕನ್ನಡದ್ದೇ ಆದ ‘ನಡೆ’ಯೂ ಹೀಗೆಯೇ: ನಡೆ ನುಡಿ, ನಡೆದುಕೊಳ್ಳುವ ರೀತಿ, ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಇಂಗ್ಲಿಷಿನಲ್ಲಿ ನೋಡುವುದನ್ನೂ ಪಾಲಿಸುವುದನ್ನೂ ಕಟ್ಟಿಹಾಕಿದ್ದು ಕಾವಲು. ನಮ್ಮಲ್ಲಿ ಅವೆರಡನ್ನೂ ಕಟ್ಟಿಹಾಕಿದ್ದು ಕಾಲು. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೊಮ್ಮೆ ಸುತ್ತದ ತೋಟ ಯಜಮಾನನ ಕೈಲಿ ಉಳಿಯುವುದಿಲ್ಲ ಎನ್ನುವವರು ಅವರು.

ನಮ್ಮ ತಂದೆ ಒಂದು ದೊಡ್ಡ ತೋಟದಲ್ಲಿ ಮೂವತ್ತೆಂಟು ವರ್ಷ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು, ಆಗಿದ್ದರು. ನಿವೃತ್ತಿಯಾದ ಮೇಲೂ ಅವರ ಒಂದು ಪದ್ಧತಿ ನಿಂತಿಲ್ಲ. ಅಂಗಳದ ಮೂಲೆಯಲ್ಲಿ, ಮರದ ಹನಿ ಬೀಳದ ಜಾಗದಲ್ಲಿ, ಮಳೆ ಅಳೆಯುವ ಡಬ್ಬಿ ಹೂತಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಕೊಡೆ ಹಿಡಿದು ಹೋಗಿ, ಒಳಗಿನ ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಸುರಿದು, ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓದುತ್ತಾರೆ. ದೇಶ ಮೆಟ್ರಿಕ್ಕಿಗೆ ಬಂದು ಅರವತ್ತು ವರ್ಷ ದಾಟಿದೆ. ನಮ್ಮ ತೋಟಗಳಲ್ಲಿ ಮಳೆ ಇನ್ನೂ ಇಂಚು ಸೆಂಟುಗಳಲ್ಲೇ ಬೀಳುತ್ತದೆ. ಒಂದು ಇಂಚಿಗೆ ನೂರು ಸೆಂಟು. “ನಿಮ್ಮಲ್ಲಿ ಎಷ್ಟು?” “ಎಪ್ಪತ್ತು ಸೆಂಟು. ನಿಮ್ಮಲ್ಲಿ?” ಮಾರ್ಚ್ ತಿಂಗಳಲ್ಲಿ ಕಾಫಿ ಹೂವನ್ನು ಅರಳಿಸುವ ಹೂಮಳೆ ಬಿದ್ದ ಸಂಜೆ ಮಡಿಕೇರಿಯಿಂದ ಗೋಣಿಕೊಪ್ಪದವರೆಗೆ ಫೋನುಗಳಲ್ಲಿ ಓಡಾಡುವುದು ಇದೊಂದೇ ಮಾತು. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ನಮ್ಮ ತಂದೆ ಪುಸ್ತಕದಲ್ಲಿ ಅದನ್ನೂ ಗುರುತು ಹಾಕುತ್ತಾರೆ. ಆದರೆ ನನಗೆ ಆ ಪುಸ್ತಕದಲ್ಲಿ ಬಹಳ ಇಷ್ಟವಾದದ್ದು ಜನವರಿ ಫೆಬ್ರವರಿಯ ಪುಟಗಳು. ಒಂದರ ಕೆಳಗೊಂದು ಮೂವತ್ತು ಸಾಲು ‘ಇಲ್ಲ’, ‘ಇಲ್ಲ’, ‘ಇಲ್ಲ’. ಬಿಸಿಲು ಕಾಯುವ ದಿನಗಳಲ್ಲಿ ಡಬ್ಬಿ ಖಾಲಿ ಎಂದು ಗೊತ್ತಿದ್ದೂ ಹೋಗಿ ತೆರೆದು ನೋಡಿ ಬಂದು ಬರೆದದ್ದು. ಚಿಕ್ಕವಳಿದ್ದಾಗ ಕೇಳಿದ್ದೆ, ಮಳೆಯೇ ಬಂದಿಲ್ಲವಲ್ಲ ಅಪ್ಪ, ಯಾಕೆ ಹೋಗುತ್ತೀರಿ ಎಂದು. “ಬಂದಿಲ್ಲ ಎಂದು ನೋಡಿ ಬರಬೇಕಲ್ಲಮ್ಮ” ಎಂದಿದ್ದರು. ಅದು ವ್ರತವೋ ವೀಕ್ಷಣೆಯೋ? ಅವರನ್ನು ಕುರಿತು ಹೇಳುವಾಗ ಅಬ್ಸರ್ವೆಂಟ್ ಎಂಬ ಪದದ ಯಾವ ಅರ್ಥ ಹಿಡಿದರೂ ತಪ್ಪಾಗುವುದಿಲ್ಲ.

ಈ ಎರಡು ಅರ್ಥಗಳು ಒಂದಾಗುವುದನ್ನು ಸಾವಿರಾರು ಜನರ ನಡುವೆ ನಿಂತು ನೋಡಬೇಕಾದರೆ ಅಕ್ಟೋಬರಿನಲ್ಲಿ ತಲಕಾವೇರಿಗೆ ಹೋಗಬೇಕು. ಸೂರ್ಯ ತುಲಾ ರಾಶಿಗೆ ಪ್ರವೇಶಿಸುವ ಕ್ಷಣಕ್ಕೆ ಬ್ರಹ್ಮಕುಂಡಿಕೆಯಲ್ಲಿ ತೀರ್ಥೋದ್ಭವ. ಸಾಮಾನ್ಯವಾಗಿ 17ನೇ ತಾರೀಖಿನ ಆಸುಪಾಸು. ಗಳಿಗೆ ಮಾತ್ರ ವರ್ಷವರ್ಷಕ್ಕೆ ಬೇರೆ. ಒಮ್ಮೆ ನಡುಮಧ್ಯಾಹ್ನ, ಒಮ್ಮೆ ನಡುರಾತ್ರಿ. ನಾನು ಹನ್ನೆರಡು ವರ್ಷದವಳಿದ್ದಾಗ ಹೋದದ್ದು ರಾತ್ರಿಯ ಗಳಿಗೆಗೆ. ಮಂಜು ಎಷ್ಟಿತ್ತೆಂದರೆ ಪಕ್ಕದಲ್ಲಿದ್ದ ಅಮ್ಮನ ಮುಖ ದೀಪ ಬಂದಾಗ ಕಾಣುತ್ತಿತ್ತು, ಹೋದಾಗ ಅಳಿಸಿಹೋಗುತ್ತಿತ್ತು. ಗಳಿಗೆ ಹತ್ತಿರವಾದಂತೆ ಗದ್ದಲ ತಾನಾಗಿ ಇಳಿಯಿತು. ಆ ಪುಟ್ಟ ಕುಂಡಿಕೆಯ ನೀರಿನ ಮೇಲೆ ಅಷ್ಟೂ ಜನರ ಕಣ್ಣು. ಮೆಟ್ಟಿಲ ಮೇಲೆ ಹಿಂದೆ ನಿಂತವರಿಗೆ ಕುಂಡಿಕೆ ಕಾಣುವ ಮಾತೇ ಇರಲಿಲ್ಲ, ಅವರು ಮುಂದಿನವರ ಬೆನ್ನನ್ನೇ ಅಷ್ಟು ಎಚ್ಚರದಿಂದ ನೋಡುತ್ತಿದ್ದರು. ಸಂಕ್ರಮಣವನ್ನು ಆಚರಿಸುವುದೆಂದರೆ ಅಲ್ಲಿ ನೀರನ್ನು ನೋಡುತ್ತಾ ನಿಲ್ಲುವುದು. ಬೇರೇನೂ ಮಾಡುವುದಕ್ಕಿಲ್ಲ.

ಅದರ ಮಾರನೆಯ ಬೆಳಗಿನ ಜಾವ ನಮ್ಮ ನೆರೆಯ ಕೊಡವರ ಮನೆಯಲ್ಲಿ ಕಣಿ ಪೂಜೆ. ತಟ್ಟೆಯಲ್ಲಿ ಅಕ್ಕಿ, ವೀಳ್ಯದೆಲೆ, ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ ಹೂವು, ಬಳೆ, ಕರಿಮಣಿ ತೊಡಿಸಿ ಕಾವೇರಿಯಮ್ಮನನ್ನು ಕೂರಿಸುತ್ತಾರೆ. ಎದ್ದ ಕೂಡಲೇ ಮನೆಯವರೆಲ್ಲ ಅವಳನ್ನು ನೋಡಿ ನಮಸ್ಕರಿಸಬೇಕು. ಹಬ್ಬದ ಹೆಸರಿನಲ್ಲೇ ಅದು ಇದೆ. ‘ಕಣಿ’ಯೂ ‘ಕಾಣು’ವೂ ಒಂದೇ ಬೇರಿನವು. ಕಾಣುವುದೇ ಆಚರಣೆ.

ನಮ್ಮ ಊರಿನ ದೇವರ ಹಬ್ಬಕ್ಕೆ ಮೊದಲು ‘ಕಟ್ಟು’ ಬೀಳುತ್ತದೆ. ಕಟ್ಟು ಬಿದ್ದ ಮೇಲೆ ಹಸಿ ಮರ ಕಡಿಯುವಂತಿಲ್ಲ, ಪ್ರಾಣಿಯನ್ನು ಕೊಲ್ಲುವಂತಿಲ್ಲ, ಮದುವೆ ಮಾಡುವಂತಿಲ್ಲ. ಕತ್ತಿ ಕೈಯಲ್ಲಿದ್ದವರು ಆ ದಿನಗಳಲ್ಲಿ ಬೇಲಿಯ ಕಡೆ ಸುಮ್ಮನೆ ನೋಡುತ್ತಾ ನಿಲ್ಲುವುದನ್ನು ಕಂಡಿದ್ದೇನೆ. ಕಡಿಯುವ ಕೆಲಸ ನಿಂತಾಗ ಕೊಂಬೆಯ ಮೇಲೆ ಗೂಡಿರುವುದು ಕಣ್ಣಿಗೆ ಬೀಳುತ್ತದೆ. ಈ ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳನ್ನು ಇಷ್ಟು ಕಾಲ ಉಳಿಸಿದ್ದು ತಂತಿಬೇಲಿಗಿಂತ ಹೆಚ್ಚಾಗಿ ಪಾಲನೆ. ಪಾಲನೆ ಸಡಿಲವಾದ ಕಡೆ ಕಾಡೂ ಸವೆದಿದೆ. ಅಬ್ಸರ್ವ್ ಮತ್ತು ರಿಸರ್ವ್ ಒಂದೇ ಬೇರಿನವೆಂದು ಇದಕ್ಕಿಂತ ಚೆನ್ನಾಗಿ ಯಾವ ನಿಘಂಟು ಹೇಳಬಲ್ಲದು?

‘ವಾಚ್‌ಫುಲ್’ ಎಂಬ ಇನ್ನೊಂದು ಇಂಗ್ಲಿಷ್ ಪದವನ್ನು ಇದಕ್ಕೆ ಸಮವೆಂದು ಪುಸ್ತಕಗಳಲ್ಲಿ ಕೊಡುತ್ತಾರೆ. 2018ರ ಆಗಸ್ಟಿನ ಮೊದಲು ನಾನೂ ಹಾಗೆಯೇ ಕಲಿಸುತ್ತಿದ್ದೆ. ಆ ತಿಂಗಳು ನಮ್ಮ ಕಡೆಯ ಬೆಟ್ಟಗಳು ಕುಸಿದವು. ಮಕ್ಕಂದೂರಿನ ಕಡೆ ರಸ್ತೆಗಳೇ ಇಲ್ಲವಾದವು, ತೋಟಗಳು ಮರ ಸಮೇತ ಜಾರಿ ಹೊಳೆಗೆ ಸೇರಿದವು. ನಮ್ಮ ತಂದೆ ಆ ವಾರ ಅಳತೆಯ ಗಾಜನ್ನು ಒಂದೇ ಬೆಳಿಗ್ಗೆ ಮತ್ತೆ ಮತ್ತೆ ತುಂಬಿಸಿ ಚೆಲ್ಲಿ ಲೆಕ್ಕ ಕೂಡಿಸುತ್ತಿದ್ದರು. ಆಮೇಲಿನ ಮಳೆಗಾಲಗಳಲ್ಲಿ ಇಳಿಜಾರಿನಲ್ಲಿ ಮನೆಯಿರುವವರೆಲ್ಲ ನೆಲ ನೋಡುವುದನ್ನು ಕಲಿತೆವು. ಅಂಗಳದಲ್ಲಿ ಬಿರುಕು ಬಿಟ್ಟಿದೆಯೇ, ಮರ ಒಂದು ಕಡೆಗೆ ವಾಲಿದೆಯೇ, ಒರತೆಯ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಗಿದೆಯೇ, ಬಾಗಿಲು ಚೌಕಟ್ಟಿಗೆ ಹಿಡಿಯುತ್ತಿದೆಯೇ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದು ಎಂದರೆ ಅದು. ಅದು ವಾಚ್‌ಫುಲ್. ಅದರ ಬೆನ್ನಿಗೆ ಭಯ ಕೂತಿರುತ್ತದೆ. ಯಾವುದು ಕೆಡುಕು ಎಂದು ಮೊದಲೇ ತೀರ್ಮಾನಿಸಿದ ಕಣ್ಣು ಅದನ್ನು ಮಾತ್ರ ಹುಡುಕುತ್ತದೆ. ಬಿರುಕು ಹುಡುಕುತ್ತಾ ಅಂಗಳ ಸುತ್ತಿದ ಆ ದಿನಗಳಲ್ಲಿ ದಾಸವಾಳ ಹೂ ಬಿಟ್ಟಿತ್ತೋ ಇಲ್ಲವೋ ನನಗೆ ನೆನಪಿಲ್ಲ. ಆ ಹುಡುಗಿ ಹಾಲುವಾಣದ ತೊಟ್ಟನ್ನು ನೋಡಿದ್ದು ಹಾಗಲ್ಲ. ಅವಳಿಗೆ ಮರದಿಂದ ಲಾಭವಿರಲಿಲ್ಲ, ಭಯವೂ ಇರಲಿಲ್ಲ. ಮರ ಇತ್ತು, ಅವಳು ನೋಡಿದಳು. ಈ ಎರಡು ಪದಗಳನ್ನು ನಾನು ಈಗ ಸಮಾನಾರ್ಥಕ ಎಂದು ಕಲಿಸುವುದಿಲ್ಲ.

ಮುಂದಿನ ಪ್ರಗತಿಪತ್ರ ಬರೆಯುವ ಹೊತ್ತಿಗೆ ಜನವರಿ ಬಂದಿತ್ತು. ಅದೇ ಷರಾ ಜಾಗ, ಎರಡು ಬೆರಳಿನಷ್ಟು ಅಗಲ. ಒಂದು ಪದ ಹುಡುಕುವುದನ್ನು ಬಿಟ್ಟೆ. ಸಣ್ಣ ಅಕ್ಷರದಲ್ಲಿ ಕನ್ನಡದಲ್ಲಿ ಬರೆದೆ: ‘ಶಾಲೆಯ ಹಿಂದಿನ ಹಾಲುವಾಣ ಮರದ ಎಲೆಗೆ ಗಂಟು ಬಂದದ್ದನ್ನು ಎಲ್ಲರಿಗಿಂತ ಮೊದಲು ಕಂಡವಳು ಇವಳು. ಹೋದ ತಿಂಗಳು ಅದು ಇರಲಿಲ್ಲ ಎಂಬುದೂ ಇವಳಿಗೆ ನೆನಪಿತ್ತು.’

ಪೋಷಕರ ಸಭೆಯ ದಿನ ಆ ತಾಯಿ ಬಂದರು. ಕಾಫಿ ಕೊಯ್ಲಿನ ಕಾಲ, ಬೆರಳ ತುದಿಗಳು ಕಪ್ಪಾಗಿದ್ದವು. ಆ ಬೆರಳನ್ನೇ ಸಾಲಿನ ಕೆಳಗೆ ಒಂದೊಂದು ಅಕ್ಷರಕ್ಕೂ ಸರಿಸುತ್ತಾ ನಿಧಾನವಾಗಿ ಓದಿದರು. ಮುಗಿಸಿ ತಲೆಯೆತ್ತಿದಾಗ ಈ ಸಲ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಲಿಲ್ಲ.

“ಬೇಲಿ ಕಡೆಯ ಕೊಂಬೆಗಲ್ಲವೇ ಟೀಚರ್?” ಎಂದರು. “ನಮ್ಮ ಲೈನ್ ಮನೆ ಹತ್ತಿರದ ಮರದಲ್ಲೂ ಬಿಸಿಲು ಬೀಳುವ ಕಡೆಗೇ ಮೊದಲು ಬಂತು. ಈಗ ನೋಡಿ, ಚಿಗುರು ಹೊಸದಾಗಿ ನೆಟ್ಟಗೆ ಬರುತ್ತಿದೆ.”

ಸಹಿ ಹಾಕುವ ಮೊದಲು ಇಬ್ಬರೂ ಕಿಟಕಿಯ ಹತ್ತಿರ ಹೋಗಿ ಶಾಲೆಯ ಮರವನ್ನು ನೋಡಿದೆವು.